ಸಣ್ಣ ಟ್ರ್ಯಾಕ್ಟರ್, ಹಿಂದೊಂದು ಬ್ಲೇಡ್: ನೆಲ ಅಲೆ ಅಲೆಯಾಗುವುದು ಏಕೆ, ಮಟ್ಟ ಆಗುವುದು ಹೇಗೆ

ಸಣ್ಣ ಟ್ರ್ಯಾಕ್ಟರ್ ಕೈಗೆ ಬಂದ ಮೇಲೆ ಬಹಳ ಜನ ಮೊದಲು ಇಳಿಯುವುದು ಮಣ್ಣಿನ ಕೆಲಸಕ್ಕೆ. ಅಂಗಳ ಮಟ್ಟ ಮಾಡಬೇಕು, ಗುಂಡಿ ಬಿದ್ದ ದಾರಿ ಸರಿ ಮಾಡಬೇಕು, ಲಾರಿಯವರು ಸುರಿದು ಹೋದ ಮಣ್ಣಿನ ರಾಶಿ ಹರಡಬೇಕು. ದೊಡ್ಡ ಯಂತ್ರ ಕರೆಸುವಷ್ಟು ಕೆಲಸ ಇರುವುದಿಲ್ಲ, ಸಲಿಕೆ ಹಿಡಿದು ಮುಗಿಸುವಷ್ಟು ಸಣ್ಣದೂ ಅಲ್ಲ. ಹಿಂದೆ ಒಂದು ಬ್ಲೇಡ್ ಸಿಕ್ಕಿಸಿಕೊಂಡು ನಾಲ್ಕು ಸುತ್ತು ಓಡಾಡಿದರೆ ಆಯಿತಲ್ವಾ ಅನ್ನಿಸುತ್ತದೆ. ಸಂಜೆ ಇಳಿದು ನೋಡಿದರೆ ನೆಲ ಬೆಳಿಗ್ಗೆಗಿಂತ ಕೆಟ್ಟಿರುತ್ತದೆ. ಇಲ್ಲೊಂದು ತಗ್ಗು, ಅಲ್ಲೊಂದು ಉಬ್ಬು, ಮಧ್ಯೆ ಗಾಲಿಯ ಗುರುತು.

ಓಡಿಸುವವರ ಕೈ ಪಳಗಿಲ್ಲ ಅಂತ ಹೇಳಿಬಿಡುವುದು ಸುಲಭ. ಕೈ ಪಳಗಬೇಕು, ನಿಜ. ಆದರೆ ಮೂಲ ಕಾರಣ ಯಂತ್ರದ ಆಕಾರದಲ್ಲೇ ಇದೆ. ಬ್ಲೇಡಿಗೆ ಮುಂದಿನ ನೆಲ ಹೇಗಿದೆ ಅಂತ ಗೊತ್ತಾಗುವುದಿಲ್ಲ. ಟ್ರ್ಯಾಕ್ಟರಿನ ನಾಲ್ಕು ಗಾಲಿ ಏನು ಹೇಳುತ್ತವೋ ಅದನ್ನಷ್ಟೇ ಅದು ಕೇಳುತ್ತದೆ. ಈ ಒಂದು ವಿಷಯ ತಲೆಗೆ ಹೋದರೆ ಉಳಿದ ಉಪಾಯಗಳೆಲ್ಲ ತಾವಾಗಿಯೇ ಅರ್ಥ ಆಗುತ್ತವೆ.

ಬ್ಲೇಡ್ ಕೂರುವುದು ಎಲ್ಲಿ

ಇಲ್ಲಿ ಮಾತಾಡುತ್ತಿರುವುದು ಸುಮಾರು 20ರಿಂದ 45 ಎಚ್‌ಪಿ ಒಳಗಿನ ಟ್ರ್ಯಾಕ್ಟರ್ ಬಗ್ಗೆ. ಅದರ ಹಿಂಭಾಗದಲ್ಲಿ ಕೆಳಗೆ ಎರಡು ತೋಳು, ಮೇಲೆ ಮಧ್ಯದಲ್ಲಿ ಒಂದು ಸರಳು, ಹೀಗೆ ಮೂರು ಕಡೆ ಉಪಕರಣ ಸಿಕ್ಕಿಸುವ ಜಾಗ ಇರುತ್ತದೆ. ಕೆಳಗಿನವು ಲೋವರ್ ಲಿಂಕ್, ಮೇಲಿನದು ಟಾಪ್ ಲಿಂಕ್. ಮೂರೂ ಸೇರಿ ತ್ರೀ ಪಾಯಿಂಟ್ ಹಿಚ್. ಐರ್ಲೆಂಡಿನ ಹ್ಯಾರಿ ಫರ್ಗುಸನ್ ರೂಪಿಸಿದ ಈ ವ್ಯವಸ್ಥೆ 1939ರಲ್ಲಿ ಬಂದ ಫೋರ್ಡ್ 9ಎನ್ ಟ್ರ್ಯಾಕ್ಟರಿನ ಮೂಲಕ ದೊಡ್ಡ ಪ್ರಮಾಣದಲ್ಲಿ ಹರಡಿತು. ಇವತ್ತು ಈ ಗಾತ್ರದ ಟ್ರ್ಯಾಕ್ಟರುಗಳಲ್ಲಿ ಬಹುತೇಕ ಇರುವುದು ಕೆಟಗರಿ 1 ಅನ್ನುವ ಅಳತೆ. ಕೆಳಗಿನ ಪಿನ್ 22 ಮಿ.ಮೀ., ಮೇಲಿನದು 19 ಮಿ.ಮೀ. ಇನ್ನೂ ಸಣ್ಣ ಟ್ರ್ಯಾಕ್ಟರುಗಳಿಗೆ ಕೆಟಗರಿ 0 ಇದೆ, ಅದರ ಪಿನ್ನುಗಳು ಸಣ್ಣವು. ಬ್ಲೇಡ್ ಕೊಳ್ಳುವ ಮುಂಚೆ ನಿಮ್ಮದು ಯಾವುದು ಅಂತ ನೋಡಿಕೊಂಡರೆ ಸಾಕು.

ಬ್ಲೇಡ್ ಅಂದರೆ ಅಡ್ಡಕ್ಕೆ ನಿಂತ, ಮುಂದಕ್ಕೆ ಸ್ವಲ್ಪ ಬಾಗಿದ ದಪ್ಪ ಉಕ್ಕಿನ ಹಲಗೆ. ಅದರ ಕೆಳ ಅಂಚಿಗೆ ಬೋಲ್ಟ್ ಹಾಕಿ ಕೂರಿಸಿದ ಗಟ್ಟಿ ಪಟ್ಟಿ ಇರುತ್ತದೆ. ಸವೆಯುವುದು ಆ ಪಟ್ಟಿ, ಸವೆದಾಗ ಅದನ್ನಷ್ಟೇ ಬದಲಿಸುತ್ತಾರೆ.

ಬಹಳ ಜನ ಗಮನಿಸದ ವಿಷಯ ಒಂದಿದೆ. ಸೀಟಿನ ಪಕ್ಕದ ಹೈಡ್ರಾಲಿಕ್ ಲಿವರ್ ಬ್ಲೇಡನ್ನು ಎತ್ತುತ್ತದೆ, ಆದರೆ ಕೆಳಕ್ಕೆ ಒತ್ತುವುದಿಲ್ಲ. ಲಿವರ್ ಕೆಳಗೆ ಬಿಟ್ಟಾಗ ಬ್ಲೇಡ್ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ, ಅಷ್ಟೇ. ಬುಲ್ಡೋಜರಿನಲ್ಲಿ ಹೈಡ್ರಾಲಿಕ್ ಸಿಲಿಂಡರ್ ಬ್ಲೇಡನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಇಲ್ಲಿ ಆ ಅನುಕೂಲ ಇಲ್ಲ. ಗಟ್ಟಿ ನೆಲದ ಮೇಲೆ ಹಗುರ ಬ್ಲೇಡ್ ಕರಕರ ಸದ್ದು ಮಾಡುತ್ತಾ ಸುಮ್ನೆ ಜಾರಿಕೊಂಡು ಹೋಗುವುದು ಇದೇ ಕಾರಣಕ್ಕೆ. ಲಿವರ್ ಎಷ್ಟು ಕೆಳಗೆ ದಬ್ಬಿದರೂ ಪ್ರಯೋಜನ ಆಗುವುದಿಲ್ಲ.

ಎಚ್‌ಪಿ ಮುಗಿಯುವುದಕ್ಕೆ ಮುಂಚೆ ಹಿಡಿತ ಮುಗಿಯುತ್ತದೆ

ಮಣ್ಣು ಎಳೆಯುವುದಕ್ಕೆ ಜಾಸ್ತಿ ಎಚ್‌ಪಿ ಬೇಕು ಅನ್ನುವುದು ಸಾಮಾನ್ಯ ನಂಬಿಕೆ. ಸಣ್ಣ ಲೆಕ್ಕ ಹಾಕೋಣ.

ಟ್ರ್ಯಾಕ್ಟರ್ 1,000 ಕೆ.ಜಿ. ಇದೆ, ನಾಲ್ಕೂ ಗಾಲಿಗೆ ಡ್ರೈವ್ ಇದೆ ಅಂತಿಟ್ಟುಕೊಳ್ಳಿ. ಸಡಿಲ ಮಣ್ಣಿನ ಮೇಲೆ ಟೈರು ತನ್ನ ಮೇಲಿನ ತೂಕದ ಅರ್ಧದಷ್ಟು ಎಳೆದರೆ ಅದೇ ಹೆಚ್ಚು. ಅಂದರೆ 500 ಕೆ.ಜಿ. ಎಳೆತ. ಆಮೇಲೆ ಟೈರು ಸುಮ್ನೆ ತಿರುಗಲು ಶುರುವಾಗುತ್ತದೆ. ಈ 500 ಕೆ.ಜಿ. ಎಳೆತವನ್ನು ನಿಧಾನ ನಡಿಗೆಯ ವೇಗದಲ್ಲಿ, ಅಂದರೆ ಗಂಟೆಗೆ 3.6 ಕಿ.ಮೀ. ವೇಗದಲ್ಲಿ ಎಳೆಯುವುದಕ್ಕೆ ಬೇಕಾದ ಶಕ್ತಿ 7 ಎಚ್‌ಪಿಗಿಂತ ಕಡಿಮೆ. ಗಾಲಿ ಜಾರುವುದರಲ್ಲಿ, ಗೇರುಗಳಲ್ಲಿ ಸ್ವಲ್ಪ ಪೋಲಾಯಿತು ಅಂದುಕೊಂಡರೂ 25 ಎಚ್‌ಪಿ ಎಂಜಿನ್ನಿಗೆ ಇದು ಏನೂ ಅಲ್ಲ. ಎಂಜಿನ್ ಏದುಸಿರು ಬಿಡುವ ಹೊತ್ತಿಗೆ ಟೈರು ಯಾವಾಗಲೋ ಸೋತಿರುತ್ತದೆ.

ಹಾಗಾಗಿ ಇಲ್ಲಿ ಬೇಕಾದದ್ದು ತೂಕ, ಅದೂ ಸರಿಯಾದ ಜಾಗದಲ್ಲಿ. ಹಿಂದಿನ ಎರಡೇ ಗಾಲಿಗೆ ಡ್ರೈವ್ ಇದ್ದರೆ ಆ ಎರಡರ ಮೇಲೆ ಬೀಳುವ ತೂಕ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಹಿಂದಿನ ಟೈರಿಗೆ ನೀರು ತುಂಬಿಸುತ್ತಾರೆ, ಗಾಲಿಗೆ ಎರಕದ ತೂಕ ಕಟ್ಟುತ್ತಾರೆ. ಮುಂದುಗಡೆಯೂ ಸ್ವಲ್ಪ ತೂಕ ಬೇಕು, ಯಾಕೆಂದರೆ ಹಿಂದೆ ಬ್ಲೇಡ್ ನೇತುಹಾಕಿದಷ್ಟೂ ಮುಂದಿನ ಗಾಲಿ ಹಗುರ ಆಗುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ.

ಟೈರು ತಿರುಗಲು ಶುರುವಾದರೆ ಆಕ್ಸಿಲರೇಟರ್ ಒತ್ತಬೇಡಿ. ಒತ್ತಿದಷ್ಟೂ ಟೈರು ಗುಂಡಿ ತೋಡುತ್ತದೆ, ಆ ಗುಂಡಿಯನ್ನು ಆಮೇಲೆ ನೀವೇ ಮುಚ್ಚಬೇಕು. ಬ್ಲೇಡನ್ನು ಒಂದು ಬೆರಳಿನಷ್ಟು ಎತ್ತಿದರೆ ಸ್ವಲ್ಪ ಮಣ್ಣು ಕೆಳಗಿನಿಂದ ನುಸುಳಿ ಹೋಗುತ್ತದೆ, ಗಾಲಿ ಮತ್ತೆ ಹಿಡಿಯುತ್ತದೆ. ಹಿಂದಿನ ಎರಡೂ ಗಾಲಿ ಒಂದೇ ವೇಗದಲ್ಲಿ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಇದ್ದರೆ ನೇರ ಹೋಗುವಾಗ ಹಾಕಬಹುದು. ತಿರುಗಿಸುವ ಮುಂಚೆ ಬಿಡಲೇಬೇಕು.

ಅಲೆ ಹುಟ್ಟುವುದು ಹೀಗೆ

ಈಗ ಅಸಲಿ ವಿಷಯಕ್ಕೆ ಬರೋಣ. ಮಕ್ಕಳು ಎರಡು ತುದಿಯಲ್ಲಿ ಕೂತು ಆಡುವ ಸೀಸಾ ಹಲಗೆ ನೋಡಿದ್ದೀರಲ್ವಾ, ಒಂದು ತುದಿ ಮೇಲೆ ಹೋದರೆ ಇನ್ನೊಂದು ಕೆಳಗೆ. ಟ್ರ್ಯಾಕ್ಟರ್ ಕೂಡ ಅದೇ. ಮಧ್ಯದ ಆಧಾರ ಹಿಂದಿನ ಗಾಲಿಯ ಅಚ್ಚು. ಒಂದು ತುದಿಯಲ್ಲಿ ಮುಂದಿನ ಗಾಲಿಗಳು, ಇನ್ನೊಂದು ತುದಿಯಲ್ಲಿ ಬ್ಲೇಡ್.

ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 1.6 ಮೀಟರ್ ಅಂತರ, ಹಿಂದಿನ ಅಚ್ಚಿನಿಂದ ಬ್ಲೇಡಿಗೆ 1.1 ಮೀಟರ್. ಸಣ್ಣ ಟ್ರ್ಯಾಕ್ಟರುಗಳಲ್ಲಿ ಹೆಚ್ಚು ಕಡಿಮೆ ಇಷ್ಟೇ ಇರುತ್ತದೆ. ದಾರಿಯಲ್ಲಿ 10 ಸೆಂ.ಮೀ. ಎತ್ತರದ ಒಂದು ಉಬ್ಬು ಇದೆ. ಮುಂದಿನ ಗಾಲಿ ಅದರ ಮೇಲೆ ಹತ್ತಿತು. ತಕ್ಷಣ ಹಿಂದೆ ಬ್ಲೇಡ್ ಸುಮಾರು 7 ಸೆಂ.ಮೀ. ಕೆಳಗೆ ಹೋಗಲು ನೋಡುತ್ತದೆ. ಮಣ್ಣು ಸಡಿಲ ಇದ್ದರೆ ಹೋಗಿಯೇ ಬಿಡುತ್ತದೆ, ಅಲ್ಲೊಂದು ಗುಂಡಿ ಆಯಿತು. ಇನ್ನು 1.6 ಮೀಟರ್ ಮುಂದೆ ಹೋದಾಗ ಹಿಂದಿನ ಗಾಲಿ ಅದೇ ಉಬ್ಬನ್ನು ಹತ್ತುತ್ತದೆ. ಈಗ ಮುಂದಿನ ಗಾಲಿ ಕೆಳಗಿದೆ, ಹಿಂದಿನದು ಮೇಲಿದೆ. ಬ್ಲೇಡ್ ಸುಮಾರು 17 ಸೆಂ.ಮೀ. ಮೇಲೇಳುತ್ತದೆ, ಇದ್ದ ಮಣ್ಣನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ.

ಅಂದರೆ 10 ಸೆಂ.ಮೀ. ಉಬ್ಬು ತೆಗೆಯಲು ಹೋಗಿ ಅದಕ್ಕಿಂತ ಸ್ವಲ್ಪ ಹಿಂದೆ ಒಂದು ಹೊಸ ಗುಂಡಿ, ಒಂದು ಹೊಸ ಗುಡ್ಡೆ ಮಾಡಿದ ಹಾಗಾಯಿತು. ಮುಂದಿನ ಸುತ್ತಿನಲ್ಲಿ ಗಾಲಿಗಳು ಈ ಹೊಸ ಗುಡ್ಡೆ ಹತ್ತುತ್ತವೆ, ಅದರ ಹಿಂದೆ ಇನ್ನೊಂದು ಜೋಡಿ ಹುಟ್ಟುತ್ತದೆ. ಅದೇ ದಾರಿಯಲ್ಲಿ ಹತ್ತು ಸಲ ಓಡಾಡಿದರೆ ಅಲೆ ಸಾಲು ಸಾಲಾಗಿ ಬೆಳೆಯುತ್ತದೆ. ವೇಗ ಜಾಸ್ತಿ ಇದ್ದರೆ ಇನ್ನೂ ಬೇಗ.

ರಸ್ತೆ ಕೆಲಸದ ಗ್ರೇಡರ್ ಯಂತ್ರದಲ್ಲಿ ಬ್ಲೇಡ್ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಇರುತ್ತದೆ, ಯಂತ್ರವೂ ಬಹಳ ಉದ್ದ. ಮುಂದಿನ ಗಾಲಿ 10 ಸೆಂ.ಮೀ. ಏರಿದರೆ ಬ್ಲೇಡ್ ಅದರ ಒಂದು ಪಾಲು ಮಾತ್ರ ಏರುತ್ತದೆ. ಅಲ್ಲಿ ಪ್ರತಿ ಸುತ್ತಿಗೂ ಉಬ್ಬು ಕಮ್ಮಿ ಆಗುತ್ತದೆ, ನಮ್ಮಲ್ಲಿ ದೊಡ್ಡದಾಗುತ್ತದೆ. ಗ್ರೇಡರ್ ಓಡಿಸುವವರು ಸಲೀಸಾಗಿ ಮಾಡುವುದನ್ನು ನೋಡಿ ಇದೂ ಹಾಗೇ ಅಂದುಕೊಂಡರೆ ನಿರಾಸೆ ಖಂಡಿತ.

ಪರಿಹಾರಗಳೂ ಈ ಲೆಕ್ಕದಿಂದಲೇ ಹೊರಡುತ್ತವೆ. ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗಬೇಡಿ. ಅಲೆಗಳಿಗೆ ಓರೆಯಾಗಿ ಹೋಗಿ, ಆಗ ಎಡಗಾಲಿ ತಗ್ಗಿನಲ್ಲಿದ್ದಾಗ ಬಲಗಾಲಿ ಉಬ್ಬಿನ ಮೇಲಿರುತ್ತದೆ, ಏರಿಳಿತ ಅರ್ಧ ಆಗುತ್ತದೆ. ಒಂದು ಸಲಕ್ಕೆ ಎರಡು ಮೂರು ಸೆಂ.ಮೀ. ಮಾತ್ರ ಕೆರೆಯಿರಿ. ಕೆಲವು ಬ್ಲೇಡುಗಳ ಹಿಂದೆ ಎರಡು ಸಣ್ಣ ಗಾಲಿ ಜೋಡಿಸಬಹುದು. ಆ ಗಾಲಿಗಳು ಬ್ಲೇಡಿನ ಭಾರ ಹೊತ್ತುಕೊಂಡು ಅದು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದಂತೆ ತಡೆಯುತ್ತವೆ. ದಾರಿ ಮಟ್ಟ ಮಾಡುವ ಕೆಲಸ ಜಾಸ್ತಿ ಇರುವವರಿಗೆ, ನನ್ನ ಪ್ರಕಾರ, ದೊಡ್ಡ ಟ್ರ್ಯಾಕ್ಟರಿಗಿಂತ ಈ ಸಣ್ಣ ಗಾಲಿಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

ಲಿವರ್ ಬಗ್ಗೆಯೂ ಎರಡು ಮಾತು. ಲಿವರ್ ಇಟ್ಟ ಜಾಗಕ್ಕೆ ತಕ್ಕ ಎತ್ತರದಲ್ಲಿ ಬ್ಲೇಡ್ ನಿಲ್ಲುವುದು ಪೊಸಿಷನ್ ಕಂಟ್ರೋಲ್. ಕೆರೆಯುವಾಗ ಇದೇ ಬೇಕು. ಲಿವರ್ ಪೂರ್ತಿ ಕೆಳಗೆ ಬಿಟ್ಟರೆ ಬ್ಲೇಡ್ ನೆಲದ ಮೇಲೆ ತೇಲುತ್ತಾ ಬರುತ್ತದೆ. ಸಡಿಲ ಮಣ್ಣನ್ನು ಕೊನೆಗೆ ನಯ ಮಾಡುವುದಕ್ಕೆ ಅದು ಸರಿ, ಆದರೆ ತಗ್ಗು ಬಂದಲ್ಲಿ ಬ್ಲೇಡೂ ತಗ್ಗಿಗೆ ಇಳಿಯುತ್ತದೆ, ಹಾಗಾಗಿ ಅದರಿಂದ ಮಟ್ಟ ಸಿಗುವುದಿಲ್ಲ. ಕೆಲವು ಟ್ರ್ಯಾಕ್ಟರುಗಳಲ್ಲಿ ಎಳೆತದ ಭಾರ ಜಾಸ್ತಿಯಾದಾಗ ತಾನಾಗಿಯೇ ಎತ್ತಿಕೊಳ್ಳುವ ಡ್ರಾಫ್ಟ್ ಕಂಟ್ರೋಲ್ ಇರುತ್ತದೆ. ಅದು ನೇಗಿಲಿಗೆ ಮಾಡಿದ್ದು. ಬ್ಲೇಡ್ ಕೆಲಸದಲ್ಲಿ ಅದು ನಿಮ್ಮ ಕೈಯ ಜೊತೆ ಜಗಳ ಆಡುತ್ತದೆ.

ಬ್ಲೇಡನ್ನು ತಿರುಗಿಸುವ ನಾಲ್ಕು ಬಗೆ

ಬ್ಲೇಡನ್ನು ಮೇಲಿನಿಂದ ನೋಡಿದಾಗ ಓರೆಯಾಗಿ ನಿಲ್ಲಿಸಬಹುದು. ಪಿನ್ ತೆಗೆದು, ಕೈಯಿಂದ ತಳ್ಳಿ, ಇನ್ನೊಂದು ತೂತಿಗೆ ಪಿನ್ ಹಾಕುವುದು. ನೇರ ನಿಂತ ಬ್ಲೇಡ್ ಮಣ್ಣನ್ನು ಎದುರಿಗೆ ಗುಡ್ಡೆ ಹಾಕಿಕೊಂಡು ಹೊತ್ತು ಸಾಗಿಸುತ್ತದೆ. ಓರೆ ನಿಂತದ್ದು ಮಣ್ಣನ್ನು ಪಕ್ಕಕ್ಕೆ ಉರುಳಿಸುತ್ತಾ ಹಿಂದಿನ ತುದಿಯಿಂದ ಸಾಲಾಗಿ ಬಿಡುತ್ತಾ ಹೋಗುತ್ತದೆ. ದಾರಿಯ ಅಂಚಿನ ಮಣ್ಣು ಮಧ್ಯಕ್ಕೆ ತರಲು ಇದೇ ಬೇಕು. ಆದರೆ ಓರೆ ಮಾಡಿದಷ್ಟೂ ಅಗಲ ಕಮ್ಮಿ. 1.8 ಮೀಟರ್ ಬ್ಲೇಡ್ 30 ಡಿಗ್ರಿ ಓರೆಯಲ್ಲಿ 1.56 ಮೀಟರ್ ಮಾತ್ರ ಆವರಿಸುತ್ತದೆ, 45 ಡಿಗ್ರಿಯಲ್ಲಿ 1.27 ಮೀಟರ್. ಹಿಂದಿನ ಟೈರುಗಳ ಹೊರ ಅಗಲಕ್ಕಿಂತ ಇದು ಕಮ್ಮಿಯಾದರೆ ಗಾಲಿಯ ಗುರುತು ಅಳಿಸದೆ ಉಳಿಯುತ್ತದೆ. ಬ್ಲೇಡ್ ಕೊಳ್ಳುವಾಗ ಅಳೆಯಬೇಕಾದದ್ದು ಈ ಓರೆ ಅಗಲವನ್ನು. ಇನ್ನೊಂದು, ಓರೆ ಬ್ಲೇಡಿನ ಮೇಲೆ ಮಣ್ಣು ಒಂದೇ ಪಕ್ಕಕ್ಕೆ ಒತ್ತುವುದರಿಂದ ಟ್ರ್ಯಾಕ್ಟರಿನ ಹಿಂಭಾಗ ಏಡಿಯ ಹಾಗೆ ಅಡ್ಡ ಜಾರಲು ನೋಡುತ್ತದೆ. ಲೋವರ್ ಲಿಂಕಿನ ಪಕ್ಕದ ಸರಪಳಿ ಸಡಿಲ ಇದ್ದರೆ ಇದು ಜಾಸ್ತಿ.

ಹಿಂದಿನಿಂದ ನೋಡಿದಾಗ ಒಂದು ತುದಿ ಕೆಳಗೆ, ಇನ್ನೊಂದು ಮೇಲೆ ಮಾಡುವುದು ಎರಡನೆಯದು. ಬಲಗಡೆಯ ಲೋವರ್ ಲಿಂಕನ್ನು ಎತ್ತುವ ಸರಳಿನ ತಿರುಪು ತಿರುಗಿಸಿದರೆ ಆಗುತ್ತದೆ. ಕಾಲುವೆ ತೆಗೆಯಲು, ದಾರಿಗೆ ಇಳಿಜಾರು ಕೊಡಲು ಇದು. ಗಟ್ಟಿ ನೆಲಕ್ಕೂ ಇದೇ ಮದ್ದು. 150 ಕೆ.ಜಿ. ಬ್ಲೇಡಿನ ಭಾರ 1.8 ಮೀಟರ್ ಅಂಚಿನ ಮೇಲೆ ಹಂಚಿಹೋದಾಗ ಕಚ್ಚುವುದಿಲ್ಲ. ಅದೇ ಭಾರ ಒಂದು ಮೂಲೆಯ ಮೇಲೆ ಬಿದ್ದರೆ ಕಚ್ಚುತ್ತದೆ.

ಮೂರನೆಯದು ಇಡೀ ಬ್ಲೇಡನ್ನು ಒಂದು ಪಕ್ಕಕ್ಕೆ ಸರಿಸುವುದು. ಗಾಲಿ ಹೋಗಲಾಗದ ಅಂಚಿಗೆ, ಬೇಲಿ ಬುಡಕ್ಕೆ ಅನುಕೂಲ. ಎಲ್ಲ ಬ್ಲೇಡಿನಲ್ಲೂ ಇರುವುದಿಲ್ಲ.

ನಾಲ್ಕನೆಯದರಲ್ಲೇ ಗೊಂದಲ ಜಾಸ್ತಿ. ಟಾಪ್ ಲಿಂಕ್ ಉದ್ದ ಮಾಡಿದರೆ ಬ್ಲೇಡಿನ ತಲೆ ಹಿಂದಕ್ಕೆ ವಾಲುತ್ತದೆ, ಕೆಳ ಅಂಚು ಮುಂದಕ್ಕೆ ಚಾಚುತ್ತದೆ, ನೆಲಕ್ಕೆ ನುಗ್ಗುತ್ತದೆ. ಗಿಡ್ಡ ಮಾಡಿದರೆ ತಲೆ ಮುಂದಕ್ಕೆ ಬಾಗುತ್ತದೆ, ಅಂಚು ಹಿಂದೆ ಸರಿದು ನೆಲವನ್ನು ಉಜ್ಜುತ್ತಾ ಹೋಗುತ್ತದೆ, ಕೆರೆತ ಕಮ್ಮಿ ಆಗುತ್ತದೆ. ಎರಡು ಪಕ್ಕಕ್ಕೂ ಗೋಡೆ ಇರುವ ಬಾಕ್ಸ್ ಬ್ಲೇಡ್ ಬಳಸಿದವರು ಇದಕ್ಕೆ ಉಲ್ಟಾ ಹೇಳುತ್ತಾರೆ, ಅವರದ್ದೂ ತಪ್ಪಲ್ಲ. ಬಾಕ್ಸ್ ಬ್ಲೇಡಿನಲ್ಲಿ ಮುಂದೆ ಹಲ್ಲುಗಳಿರುತ್ತವೆ, ಟಾಪ್ ಲಿಂಕ್ ಗಿಡ್ಡ ಮಾಡಿದಾಗ ಆ ಹಲ್ಲು ನೆಲಕ್ಕೆ ಇಳಿಯುತ್ತದೆ. ಯಂತ್ರ ಬೇರೆ, ಲೆಕ್ಕ ಬೇರೆ.

ಇಷ್ಟಲ್ಲದೆ ಬ್ಲೇಡನ್ನು ಪೂರ್ತಿ ಹಿಂದುಮುಂದು ತಿರುಗಿಸಬಹುದು. ಆಗ ಉಬ್ಬಿದ ಬೆನ್ನು ಮುಂದೆ ಬರುತ್ತದೆ. ಹಾಗೇ ಮುಂದಕ್ಕೆ ಎಳೆದರೆ ಅದು ಕೆರೆಯುವುದಿಲ್ಲ, ಸಡಿಲ ಮಣ್ಣನ್ನೋ ಜಲ್ಲಿಯನ್ನೋ ಸವರಿ ನಯ ಮಾಡುತ್ತದೆ.

ಮಣ್ಣಿಗೆ ಹದ ಬಂದಿದೆಯಾ

ಬ್ಲೇಡ್ ಮಣ್ಣು ಅಗೆಯುವ ಸಾಧನ ಅಲ್ಲ. ಸಡಿಲಾದ ಮಣ್ಣನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು ಅದರ ಕೆಲಸ. ನೆಲ ಗಟ್ಟಿ ಇದ್ದರೆ ಮೊದಲು ನೇಗಿಲೋ ಕಲ್ಟಿವೇಟರೋ ಹೊಡೆದು ಸಡಿಲ ಮಾಡಲೇಬೇಕು. ಇದನ್ನು ಬಿಟ್ಟು ಬರೀ ಬ್ಲೇಡಿನಿಂದ ಕೆರೆಯಲು ಹೋದರೆ ಇಡೀ ದಿನ ಸದ್ದು ಮಾತ್ರ ಕೇಳಿಸುತ್ತದೆ.

ಸಡಿಲ ಮಾಡುವುದಕ್ಕೂ ಸರಿಸುವುದಕ್ಕೂ ಹದ ನೋಡಬೇಕು. ನಾಲ್ಕೈದು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟದೆ ಉದುರಿದರೆ ಒಣಗಿದೆ. ಉಂಡೆ ಕಟ್ಟಿ, ಬೆರಳಿಂದ ಒತ್ತಿದಾಗ ಪಟ್ಟಂತ ಒಡೆದರೆ ಹದ ಸರಿ. ಒಡೆಯದೆ ಚಪ್ಪಟೆಯಾಗಿ ಕೈಗೆ ಅಂಟಿದರೆ ಇನ್ನೆರಡು ದಿನ ಕಾಯಿರಿ.

ಹದ ಸರಿ ಇದ್ದಾಗ ಸೀಟಿನಿಂದ ಹಿಂದೆ ತಿರುಗಿ ನೋಡಿದರೇ ಗೊತ್ತಾಗುತ್ತದೆ. ಮಣ್ಣು ಬ್ಲೇಡಿನ ಬಾಗನ್ನು ಹತ್ತಿ, ತುದಿಯಲ್ಲಿ ಮುಂದಕ್ಕೆ ಮಗುಚಿ, ಮತ್ತೆ ಕೆಳಗೆ ಬಿದ್ದು, ಸುರುಳಿ ಸುತ್ತುತ್ತಾ ಉರುಳುತ್ತಿರುತ್ತದೆ. ಹಾಗೆ ಉರುಳುವ ಮಣ್ಣು ಎಳೆಯಲು ಹಗುರ. ಹಸಿ ಜಾಸ್ತಿಯಾದರೆ ಉರುಳುವುದು ನಿಂತು, ಮಣ್ಣು ಬ್ಲೇಡಿಗೆ ಮೆತ್ತಿಕೊಂಡು ಒಂದೇ ಮುದ್ದೆಯಾಗಿ ಜಾರುತ್ತದೆ. ಹಿಂದೆ ಬಿಟ್ಟ ನೆಲ ಮಿರಮಿರ ಹೊಳೆಯುತ್ತದೆ. ಆ ಹೊಳಪು ಒಳ್ಳೆಯದಲ್ಲ. ಜೇಡಿಮಣ್ಣಿನ ರಂಧ್ರಗಳೆಲ್ಲ ಮುಚ್ಚಿಹೋಗಿವೆ, ಒಣಗಿದ ಮೇಲೆ ಕಲ್ಲಾಗುತ್ತದೆ, ನೀರು ಇಂಗುವುದಿಲ್ಲ.

ಎಷ್ಟು ಮಣ್ಣು, ಎಷ್ಟು ಸುತ್ತು

ಕಣ್ಣಿಗೆ ಸಣ್ಣದಾಗಿ ಕಾಣುವ ಇಳಿಜಾರಿನಲ್ಲಿ ಎಷ್ಟು ಮಣ್ಣಿರುತ್ತದೆ ಅನ್ನುವುದು ಲೆಕ್ಕ ಹಾಕುವ ತನಕ ಯಾರಿಗೂ ಅಂದಾಜಾಗುವುದಿಲ್ಲ. 20 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ. ಒಂದು ತುದಿ ಇನ್ನೊಂದಕ್ಕಿಂತ 30 ಸೆಂ.ಮೀ. ಎತ್ತರ, ಮೊಣಕಾಲಿಗೂ ಬರುವುದಿಲ್ಲ. ಎತ್ತರದ ಅರ್ಧ ಕೆರೆದು ತಗ್ಗಿನ ಅರ್ಧಕ್ಕೆ ತುಂಬಬೇಕು. ಎತ್ತರದ ತುದಿಯಲ್ಲಿ 15 ಸೆಂ.ಮೀ. ಕೆರೆಯಬೇಕು, ಮಧ್ಯಕ್ಕೆ ಬರುವಾಗ ಸೊನ್ನೆ, ಸರಾಸರಿ 7.5 ಸೆಂ.ಮೀ. ಈ ಅರ್ಧದ ವಿಸ್ತೀರ್ಣ 100 ಚದರ ಮೀಟರ್. ಹಾಗಾದರೆ 7.5 ಘನ ಮೀಟರ್ ಮಣ್ಣು. ಘನ ಮೀಟರಿಗೆ 1.6 ಟನ್ ಅಂತ ಹಿಡಿದರೆ 12 ಟನ್.

ಕೆರೆದ ಮಣ್ಣು ಅರಳುತ್ತದೆ. ಸಾಮಾನ್ಯ ಮಣ್ಣು ಸುಮಾರು ಕಾಲು ಪಾಲು ಉಬ್ಬುತ್ತದೆ, ಜೇಡಿ ಇನ್ನೂ ಜಾಸ್ತಿ, ಮರಳು ಕಮ್ಮಿ. 7.5 ಘನ ಮೀಟರ್ ಈಗ 9.4 ಆಯಿತು. 1.8 ಮೀಟರ್ ಬ್ಲೇಡಿನ ಎದುರು 35 ಸೆಂ.ಮೀ. ಎತ್ತರ, ಬುಡದಲ್ಲಿ 50 ಸೆಂ.ಮೀ. ಅಗಲದ ಗುಡ್ಡೆ ನಿಂತರೆ ಅದು ಸುಮಾರು 0.15 ಘನ ಮೀಟರ್. 9.4ನ್ನು ಇದರಿಂದ ಭಾಗಿಸಿ, 60ಕ್ಕೂ ಹೆಚ್ಚು ಸುತ್ತು. ಈ ಬ್ಲೇಡಿಗೆ ಪಕ್ಕದ ಗೋಡೆ ಇಲ್ಲ, ದಾರಿಯುದ್ದಕ್ಕೂ ಎರಡು ತುದಿಯಿಂದ ಮಣ್ಣು ಸೋರುತ್ತದೆ, ಹಾಗಾಗಿ 80–90 ಅಂತ ಇಟ್ಟುಕೊಳ್ಳುವುದು ಜಾಣತನ. ಒಂದು ಸುತ್ತಿಗೆ ಒಂದೂವರೆ ನಿಮಿಷ ಅಂದರೂ ಬರೀ ಸಾಗಿಸುವುದಕ್ಕೇ ಎರಡು ಗಂಟೆ ದಾಟಿತು. ಸಡಿಲ ಮಾಡುವುದು, ಅಳೆಯುವುದು, ಕೊನೆಯ ನಯ, ಇವೆಲ್ಲ ಬೇರೆ.

ಮಣ್ಣು ಸೋರುವ ಕಾರಣದಿಂದಲೇ ದೂರ ಸಾಗಿಸಲು ಈ ಬ್ಲೇಡ್ ಲಾಯಕ್ಕಲ್ಲ. 15–20 ಮೀಟರ್ ದಾಟಿದರೆ ಹೊತ್ತದ್ದರಲ್ಲಿ ಬಹುಪಾಲು ದಾರಿಯಲ್ಲೇ ಉಳಿಯುತ್ತದೆ. ಅಷ್ಟು ದೂರಕ್ಕೆ ಪಕ್ಕದ ಗೋಡೆ ಇರುವ ಬಾಕ್ಸ್ ಬ್ಲೇಡ್ ಅಥವಾ ಟ್ರೇಲರ್ ಬೇಕು.

ಕೆಲಸ ಶುರು ಮಾಡುವುದು ಎಲ್ಲಿಂದ

ಮೊದಲು ನೆಲದೊಳಗೆ ಏನಿದೆ ಅಂತ ತಿಳಿದುಕೊಳ್ಳಿ. ನೀರಿನ ಪೈಪ್, ವಿದ್ಯುತ್ ಕೇಬಲ್ ಮೇಲ್ಭಾಗದಲ್ಲೇ ಹೋಗಿರಬಹುದು. ಆಮೇಲೆ ಗೂಟ ನೆಟ್ಟು ದಾರ ಕಟ್ಟಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುವ ಹಳೆಯ ವಿಧಾನ ಈ ಕೆಲಸಕ್ಕೆ ಧಾರಾಳ ಸಾಕು. ಕಣ್ಣಳತೆ ನಂಬಬೇಡಿ. ಇಳಿಜಾರಿನ ಮೇಲೆ ನಿಂತ ಟ್ರ್ಯಾಕ್ಟರಿನ ಸೀಟಿನಿಂದ ಎಲ್ಲವೂ ಮಟ್ಟಸವಾಗಿಯೇ ಕಾಣುತ್ತದೆ. ಗಿಡ ಬೆಳೆಸುವ ಜಾಗವಾದರೆ ಮೇಲ್ಮಣ್ಣು ತೆಗೆದು ಪಕ್ಕಕ್ಕೆ ರಾಶಿ ಹಾಕಿ, ಕೊನೆಗೆ ಮತ್ತೆ ಹರಡಬೇಕು.

ಈಗ ಗಾಲಿಯ ಮಾತು ನೆನಪಿಸಿಕೊಳ್ಳಿ. ಗಾಲಿ ನಿಂತ ಜಾಗ ಮಟ್ಟ ಇದ್ದರೆ ಬ್ಲೇಡೂ ಮಟ್ಟ ಇರುತ್ತದೆ. ಹಾಗಾಗಿ ಮೊದಲು ಟ್ರ್ಯಾಕ್ಟರ್ ಪೂರ್ತಿ ನಿಲ್ಲುವಷ್ಟು, ನಾಲ್ಕೈದು ಮೀಟರ್ ಉದ್ದದ ಒಂದು ಜಾಗವನ್ನು ಚೆನ್ನಾಗಿ ಮಟ್ಟ ಮಾಡಿ. ಬೇಕಾದರೆ ಸಲಿಕೆಯಿಂದಲೇ ಮಾಡಿ, ನಾಚಿಕೆ ಏನಿಲ್ಲ. ಆಮೇಲೆ ಟ್ರ್ಯಾಕ್ಟರನ್ನು ಅದರ ಮೇಲೆ ನಿಲ್ಲಿಸಿ, ಬ್ಲೇಡ್ ಎತ್ತಿಕೊಂಡು ಹಿಂದೆ ಬನ್ನಿ. ಹಿಂದಿನ ಗಾಲಿ ಮಟ್ಟಸ ಜಾಗದ ಅಂಚಿಗೆ ಬಂದಾಗ ನಿಲ್ಲಿಸಿ. ಬ್ಲೇಡ್ ಈಗ ಒರಟು ನೆಲದ ಮೇಲೆ ಒಂದು ಮೀಟರ್ ಚಾಚಿಕೊಂಡಿದೆ. ಇಳಿಸಿ, ಮುಂದಕ್ಕೆ ಎಳೆಯಿರಿ. ನಾಲ್ಕೂ ಗಾಲಿ ಮಟ್ಟಸ ನೆಲದ ಮೇಲೆ ಇರುವುದರಿಂದ ಬ್ಲೇಡ್ ಅದೇ ಮಟ್ಟದಲ್ಲಿ ಕೆರೆಯುತ್ತದೆ. ಎರಡು ಮೂರು ಸಲ ಹೀಗೆ ಮಾಡಿದರೆ ಮಟ್ಟಸ ಜಾಗ ಒಂದು ಮೀಟರ್ ಬೆಳೆಯಿತು. ಮುಂದಿನ ಸಲ ಇನ್ನೊಂದು ಮೀಟರ್ ಹಿಂದಕ್ಕೆ. ನಿಧಾನ ಅನ್ನಿಸುತ್ತದೆ, ಆದರೆ ಇಡೀ ಜಾಗದಲ್ಲಿ ಓಡಾಡಿ ಅಲೆ ಎಬ್ಬಿಸಿ ಮತ್ತೆ ಅದನ್ನು ಅಳಿಸುವುದಕ್ಕಿಂತ ಬೇಗ ಮುಗಿಯುತ್ತದೆ.

ಲಾರಿ ಸುರಿದ ರಾಶಿಯನ್ನೂ ಹೀಗೇ ಬಿಡಿಸುವುದು. ರಾಶಿ ಮೇಲೆ ಹತ್ತಿಸಲು ಹೋಗಬೇಡಿ. ಬ್ಲೇಡ್ ಎತ್ತಿ ಹಿಂದೆ ಹೋಗಿ ರಾಶಿಯ ಬುಡದ ಮೇಲೆ ಇಳಿಸಿ, ಒಂದಿಷ್ಟು ಎಳೆದು ತನ್ನಿ, ಮತ್ತೆ ಹೋಗಿ. ಎಳೆಯುತ್ತಾ ಬ್ಲೇಡನ್ನು ನಿಧಾನವಾಗಿ ಎತ್ತುತ್ತಾ ಹೋದರೆ ಮಣ್ಣು ತೆಳುವಾಗಿ ಹರಡುತ್ತದೆ.

ತುಂಬುವ ಕಡೆ ಒಂದೇ ಸಲ ದಪ್ಪಕ್ಕೆ ಹಾಕಬಾರದು. 10–15 ಸೆಂ.ಮೀ. ಪದರ ಹಾಕಿ, ಅದರ ಮೇಲೆ ಪೂರ್ತಿ ಟ್ರ್ಯಾಕ್ಟರ್ ಓಡಿಸಿ, ಆಮೇಲೆ ಮುಂದಿನ ಪದರ. ಟೈರು ತಾನು ಹೋದ ಗೆರೆಯನ್ನು ಮಾತ್ರ ಅಮುಕುತ್ತದೆ, ಪ್ರತಿ ಸಲ ಒಂದು ಟೈರಿನಷ್ಟು ಪಕ್ಕಕ್ಕೆ ಸರಿದು ಓಡಿಸಬೇಕು.

ಮೂಲೆಯಲ್ಲಿ, ಗೋಡೆ ಪಕ್ಕದಲ್ಲಿ ಬ್ಲೇಡ್ ತಿರುಗಿಸಿ ಹಿಮ್ಮುಖವಾಗಿ ತಳ್ಳಬೇಕಾಗುತ್ತದೆ. ಸಡಿಲ ಮಣ್ಣಾದರೆ ತೊಂದರೆ ಇಲ್ಲ. ಆದರೆ ಲೋವರ್ ಲಿಂಕುಗಳು ಎಳೆಯುವುದಕ್ಕೆ ಮಾಡಿದವು. ಹಿಂದೆ ಹೋಗುವಾಗ ಬೇರಿಗೋ ಕಲ್ಲಿಗೋ ಬ್ಲೇಡ್ ಡಿಕ್ಕಿ ಹೊಡೆದರೆ ಇಡೀ ಟ್ರ್ಯಾಕ್ಟರಿನ ಹೊಡೆತ ಆ ತೋಳುಗಳ ಮೇಲೆ ಬೀಳುತ್ತದೆ, ಬಾಗಿಯೇ ಬಿಡಬಹುದು.

ನೀರಿಗೆ ದಾರಿ ಬಿಡಿ

ಪೂರ್ತಿ ಮಟ್ಟಸ ನೆಲ ಒಳ್ಳೆಯ ನೆಲ ಅಲ್ಲ, ಅದರ ಮೇಲೆ ನೀರು ನಿಲ್ಲುತ್ತದೆ. ಕಟ್ಟಡದ ಸುತ್ತ ಸಾಮಾನ್ಯವಾಗಿ ಶೇ. 5ರ ಇಳಿಜಾರು ಕೊಡುತ್ತಾರೆ, ಅಂದರೆ 3 ಮೀಟರಿಗೆ 15 ಸೆಂ.ಮೀ. ಗೋಡೆಯಿಂದ ಹೊರಕ್ಕೆ. ಜಲ್ಲಿ ದಾರಿಗೆ ಮಧ್ಯ ಎತ್ತರ, ಎರಡು ಅಂಚು ತಗ್ಗು ಇರಬೇಕು. ಶೇ. 4ರ ಲೆಕ್ಕದಲ್ಲಿ 3 ಮೀಟರ್ ಅಗಲದ ದಾರಿಯ ಮಧ್ಯಭಾಗ ಅಂಚಿಗಿಂತ 6 ಸೆಂ.ಮೀ. ಮೇಲಿರುತ್ತದೆ. ಬ್ಲೇಡನ್ನು ಓರೆ ಮಾಡಿ, ಹೊರ ತುದಿ ಸ್ವಲ್ಪ ತಗ್ಗಿಸಿ, ಒಂದು ಅಂಚಿನಿಂದ ಹೋಗಿ ಇನ್ನೊಂದು ಅಂಚಿನಿಂದ ವಾಪಸ್ ಬಂದರೆ ಮಣ್ಣು ಎರಡೂ ಕಡೆಯಿಂದ ಮಧ್ಯಕ್ಕೆ ಬರುತ್ತದೆ. ದಾರಿಯ ಗುಂಡಿಗೆ ಸುಮ್ನೆ ಮಣ್ಣು ತುಂಬಿದರೆ ಮಳೆಗೆ ಅದೇ ಜಾಗದಲ್ಲಿ ಮತ್ತೆ ಗುಂಡಿ ಬೀಳುತ್ತದೆ. ಗುಂಡಿಯ ತಳದವರೆಗೆ ಕೆದಕಿ ಸಡಿಲ ಮಾಡಿ, ಆಮೇಲೆ ಮಟ್ಟ ಮಾಡಿದರೆ ಬಾಳಿಕೆ ಬರುತ್ತದೆ.

ಮಗುಚುವ ಅಪಾಯ

ಸಣ್ಣ ಟ್ರ್ಯಾಕ್ಟರ್ ಅಗಲ ಕಮ್ಮಿ, ಎತ್ತರ ಜಾಸ್ತಿ. ಮಣ್ಣಿನ ಕೆಲಸದಲ್ಲಿ ಅದು ಓಡಾಡುವುದೇ ಏರುಪೇರಿನ ಮೇಲೆ. ಸೀಟಿನ ಹಿಂದಿನ ರಕ್ಷಣಾ ಚೌಕಟ್ಟು ನೆಟ್ಟಗೆ ನಿಂತಿರಬೇಕು, ಬೆಲ್ಟ್ ಹಾಕಿರಬೇಕು, ಎರಡೂ ಜೊತೆಗೆ. ಚೌಕಟ್ಟು ಮಡಚಿದ್ದಾಗ ಮಾತ್ರ ಬೆಲ್ಟ್ ಹಾಕಬಾರದು, ಮಗುಚಿದರೆ ಹೊರಕ್ಕೆ ಹಾರಲು ಆಗುವುದಿಲ್ಲ.

ಹೊಸದಾಗಿ ತುಂಬಿದ ಮಣ್ಣಿನ ಅಂಚು ಎಲ್ಲಕ್ಕಿಂತ ಮೋಸದ ಜಾಗ. ನೋಡಲು ಗಟ್ಟಿ, ಗಾಲಿ ಇಟ್ಟರೆ ಕುಸಿಯುತ್ತದೆ. ಅಂಚಿನಿಂದ ದೂರ ಇದ್ದು ಬ್ಲೇಡ್ ಮಾತ್ರ ಅಲ್ಲಿಗೆ ಚಾಚಿ. ಬ್ಲೇಡ್ ಎತ್ತಿಕೊಂಡು ಕಡಿದಾದ ಏರು ಮುಮ್ಮುಖವಾಗಿ ಹತ್ತಿದರೆ ಮುಂದಿನ ಗಾಲಿ ನೆಲ ಬಿಡಬಹುದು. ಅಂಥ ಕಡೆ ಭಾರದ ತುದಿ ಏರಿನ ಕಡೆಗೆ ಇರುವಂತೆ ಹಿಮ್ಮುಖವಾಗಿ ಹತ್ತುವುದು ಕ್ಷೇಮ. ಸಿಕ್ಕಿಕೊಂಡ ಬೇರನ್ನು ಸರಪಳಿ ಕಟ್ಟಿ ಎಳೆಯುವುದಾದರೆ ಕೆಳಗೆ ಟ್ರೇಲರ್ ಸಿಕ್ಕಿಸುವ ಡ್ರಾಬಾರಿಗೇ ಕಟ್ಟಿ. ಟಾಪ್ ಲಿಂಕಿಗೋ ಸೀಟಿನ ಹಿಂದಿನ ಚೌಕಟ್ಟಿಗೋ ಕಟ್ಟಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಓರೆ ಬದಲಿಸಲು ಇಳಿಯುವಾಗ ಬ್ಲೇಡ್ ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಇಳಿಯಿರಿ. ಎತ್ತಿ ನಿಲ್ಲಿಸಿದ ಬ್ಲೇಡಿನ ಕೆಳಗೆ ಕಾಲು ಇಡಬೇಡಿ, ಹೈಡ್ರಾಲಿಕ್ ಒತ್ತಡ ಯಾವಾಗ ಬೇಕಾದರೂ ಸೋರಬಹುದು.

ಮೊದಲ ಮಳೆ ಆದ ಮೇಲೆ

ಎಷ್ಟೇ ಅಮುಕಿದರೂ ತುಂಬಿದ ಕಡೆ ನೆಲ ಸ್ವಲ್ಪ ಕುಳಿತುಕೊಳ್ಳುತ್ತದೆ, ಕೆರೆದ ಕಡೆ ಕೂರುವುದಿಲ್ಲ. ಅದಕ್ಕೇ ತುಂಬಿದ ಭಾಗವನ್ನು ಒಂದೆರಡು ಸೆಂ.ಮೀ. ಎತ್ತರಕ್ಕೇ ಬಿಡುವುದು ರೂಢಿ. ಒಂದಿಷ್ಟು ಮಣ್ಣನ್ನು ಮೂಲೆಯಲ್ಲಿ ಉಳಿಸಿಕೊಂಡಿರಿ. ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ ನೀರು ನಿಂತ ಜಾಗಕ್ಕೆಲ್ಲ ಗೂಟ ನೆಟ್ಟು ಗುರುತು ಮಾಡಿ. ಹದ ಬಂದ ದಿನ ಬ್ಲೇಡ್ ಹಿಂದುಮುಂದು ತಿರುಗಿಸಿಕೊಂಡು, ಲಿವರ್ ಪೂರ್ತಿ ಕೆಳಗೆ ಬಿಟ್ಟು, ಆ ಉಳಿದ ಮಣ್ಣನ್ನು ಅಲ್ಲಿಗೆ ಎಳೆದು ತೆಳುವಾಗಿ ಸವರಿ.